ಮುಂದಿನ ಸೀಟು

ಧಣಿಗಳೇ,

ನಿಮ್ಮ ಸಾವಿರದ ಒಂಬೈನೂರ ಹದಿನಾಲ್ಕರ ಅಮೆರಿಕನ್ ಕಾರಿಗೆ ಅಪ್ಪ ಜೀವ ತುಂಬಿದರೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಊರು ಸುತ್ತಿಸುತ್ತೇನೆ ಎಂದಿರಿ, ಸುತ್ತಿಸಲಿಲ್ಲ. ಹಳೆಯ ಕಾರುಗಳ ಪ್ರದರ್ಶನದಲ್ಲಿ ಕಾರಿನ ಮುಂದಿಡುವ ಫಲಕದಲ್ಲಿ ಅವರ ಹೆಸರು ಬರೆಸುತ್ತೇನೆ ಎಂದಿರಿ, ನಿಮ್ಮದನ್ನೇ ಬರೆಸಿದಿರಿ. ಪ್ರದರ್ಶನದಲ್ಲಿ ನಿಮ್ಮ ಕಾವಲುಗಾರ “ಏ ಅಜ್ಜ, ಮುಟ್ಬೇಡ” ಎಂದು ಗದರಿದ. ಅಪ್ಪ ನಕ್ಕರು: “ನಾನು ಮುಟ್ಟದೇ ಇದ್ದಿದ್ರೆ ಇದು ಗುಜರಿ ಸೇರ್ತಿತ್ತಪ್ಪಾ.”

ರಿಪೇರಿಯ ದಿನಗಳಲ್ಲಿ ಒಮ್ಮೆ, ಕಾರಿನ ಮೂತಿಗೆ ಸಿಕ್ಕಿಸಿ ಕೈಯಿಂದ ತಿರುಗಿಸುವ ಹ್ಯಾಂಡಲ್ ಸ್ಟಾರ್ಟ್ ಮಾಡುವಾಗ ಹಿಂದಕ್ಕೆ ಒದ್ದು ಅವರ ಹೆಬ್ಬೆರಳು ಮುರಿದಿತ್ತು. ಆಗಲೂ ಕಾರನ್ನು ಬೈಯಲಿಲ್ಲ. “ತಪ್ಪು ನಂದೇ ಮಗಳೇ, ಹೆಬ್ಬೆರಳು ಸುತ್ತಿ ಹಿಡೀಬಾರ್ದು” ಎಂದು ನನಗೆ ಹಿಡಿತ ಕಲಿಸಿದರು.

ಈಗ ಅವರ ಕಣ್ಣು ಮಂಜಾಗಿದೆ. ಎಂಜಿನ್ನಿನ ಸದ್ದು ಕೇಳಿದರೆ ಸಾಕಂತೆ ಅವರಿಗೆ. ನನಗೆ ಸಾಲದು. ಸೀಟಿನ ದೂಳು ಒರೆಸಿ, ಪೆಟ್ರೋಲ್ ಹಾಕಿಸಿಡಿ. ಸ್ಟಾರ್ಟ್ ಮಾಡಲು ನಾನಿದ್ದೇನೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಗೇಟಿನ ಮುಂದೆ ಇಬ್ಬರೂ ಇರುತ್ತೇವೆ.

ನಿಮ್ಮ ಹಳೆಯ ಮೆಕ್ಯಾನಿಕ್ಕನ ಮಗಳು