ನಿರೀಕ್ಷೆಯ ಕೊಠಡಿ

ಗೋಡೆಯಾಚೆ ಮಲಗಿರುವ ಅತ್ತೆಗೆ,

ಕಣ್ಣು ಕಾಣದವರಿಗೆ ಪತ್ರ ಬರೆಯುವ ಪೆದ್ದಿ ನಾನೊಬ್ಬಳೇ ಇರಬೇಕು. ಬರೆಯುವವಳೂ ನಾನೇ, ಡಯಾಲಿಸಿಸ್ಸಿನ ನಾಲ್ಕು ಗಂಟೆ ಮುಗಿಯುವಾಗ ನಿಮ್ಮ ಪಕ್ಕ ಕೂತು ಇದನ್ನು ಓದಿ ಹೇಳಬೇಕಾದವಳೂ ನಾನೇ. ಬಾಯಲ್ಲೇ ಹೇಳಬಾರದೇ ಅಂತ ಕೇಳಬೇಡಿ. ಮೂರು ದಿನದಿಂದ ನೋಡಿದೆ, ಗಂಟಲಿಗೆ ಬಂದದ್ದು ನಾಲಿಗೆಗೆ ಬರಲಿಲ್ಲ. ಕಾಗದದ ಮೇಲಿದ್ದರೆ ಬೇರೆ ಯಾರದೋ ಮಾತು ಎನ್ನುವ ಹಾಗೆ ಓದಿಕೊಂಡು ಹೋಗಬಹುದು. ನನ್ನ ಹೊಲಿಗೆಯ ಅಳತೆ ಪುಸ್ತಕದ ಖಾಲಿ ಜಾಗಗಳಲ್ಲಿ ಬರೆಯುತ್ತಿದ್ದೇನೆ. ನಡುವೆ ಒಬ್ಬ ಮೇಷ್ಟ್ರ ಸೊಂಟದ ಸುತ್ತಳತೆ ಇದೆ, ಬಾಯಿ ತಪ್ಪಿ ಅದನ್ನೂ ಓದಿಬಿಟ್ಟರೆ ನಗಬೇಡಿ.

ಈ ಕೊಠಡಿಯ ಬಾಗಿಲ ಮೇಲೆ ಮಾವ ಬರೆದ ಬೋರ್ಡು ಇನ್ನೂ ಇದೆ. ‘ಠ’ದ ನಡುವಿನ ಚುಕ್ಕೆ ಉದುರಿದೆ, ಉಳಿದದ್ದು ಗಟ್ಟಿಯಾಗಿದೆ. ಆಸ್ಪತ್ರೆಯವರು ಚೀಟಿಯಲ್ಲಿ ಕೊಟ್ಟದ್ದು ‘ನಿರೀಕ್ಷಣಾ ಕೊಠಡಿ’ ಅಂತ. ಮೂವತ್ತು ವರ್ಷ ನಮ್ಮ ಕ್ರೈಸ್ತ ಸಭೆಯ ಗೋಡೆಗಳ ಮೇಲೆ ಬೈಬಲಿನ ವಾಕ್ಯ ಬರೆದ ಕೈಗೆ ಒಂದೇ ಮಾತು ರೂಢಿ. ಮೊದಲ ಅಕ್ಷರಗಳು ಬಿದ್ದದ್ದೇ ತಡ, ಮುಂದಿನದನ್ನು ಬ್ರಷ್ಷೇ ಬರೆದುಕೊಂಡಿತು: ನಿರೀಕ್ಷೆಯ ಕೊಠಡಿ. ಹೊರಗಿನವರಿಗೆ ನಿರೀಕ್ಷೆ ಅಂದರೆ ಯಾರೋ ಬರುತ್ತಾರೆ, ಏನೋ ಆಗುತ್ತದೆ ಅಂತ ಕಾಯುವುದು. ಸಭೆಯಲ್ಲಿ ಅದೇ ಮಾತು ನಂಬಿಕೆಯ ಒಡಹುಟ್ಟು, ದೇವರು ಕೈಬಿಡುವುದಿಲ್ಲ ಎಂಬ ಭರವಸೆ. ಮ್ಯಾನೇಜರು ಸಿಟ್ಟಾಗಿ, “ಇಲ್ಲಿ ಜನ ಕಾಯ್ತಾರೆ ಕಣ್ರೀ, ಅಷ್ಟೇ” ಅಂದರಂತೆ. ಮಾವ ಬ್ರಷ್ ಒರೆಸುತ್ತಾ, “ನಮ್ಮಲ್ಲೂ ಅಷ್ಟೇ ಸ್ವಾಮಿ ಮಾಡೋದು” ಅಂದರಂತೆ. ಈ ಕಥೆಯನ್ನು ನೀವು ನೂರು ಸಲ ಹೇಳಿದ್ದೀರಿ, ನೂರು ಸಲವೂ ಗಂಡನ ಪರ ವಹಿಸಿದ್ದೀರಿ.

ಆ ಬೋರ್ಡಿನ ಕೆಳಗೆ ನಾನು ಆರು ವರ್ಷದಿಂದ ಕೂತಿದ್ದೇನೆ, ವಾರಕ್ಕೆ ಮೂರು ದಿನ. ನಿಮ್ಮ ಮಗನಿಗೆ ಸೂಜಿ ಕಂಡರೆ ತಲೆಸುತ್ತು, ಪಾಪ, ಕಟ್ಟಿಕೊಂಡದ್ದು ಮಾತ್ರ ದರ್ಜಿಯನ್ನು. ಹಾಗಾಗಿ ನಿಮ್ಮನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ನಿಮ್ಮ ಜೊತೆ ಮನಸಾರೆ ಪ್ರಾರ್ಥಿಸುತ್ತಿದ್ದೆ. ನೀವು ‘ಗುಬ್ಬಿ’ ಅಂತ ಕರೆಯುವ ನರ್ಸಮ್ಮನ ಮದುವೆಗೆ, ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವಾತನ ಮಂಡಿನೋವಿಗೆ, ಅಕ್ಕಪಕ್ಕದ ಹಾಸಿಗೆಯವರಿಗೆ. ನಿಮ್ಮ ಪಟ್ಟಿ ನನ್ನ ಟೇಪಿಗಿಂತ ಉದ್ದ. ಆಮೇಲೆ ಮೂರನೇ ಹಾಸಿಗೆಯ ಪೋಸ್ಟ್‌ಮ್ಯಾನ್ ತೀರಿಕೊಂಡರು. ಅವರ ಹಿಂದೆಯೇ ಕಿಟಕಿ ಪಕ್ಕದ ಹುಡುಗಿ ಹೋದಳು. ಅವಳಿಗೋಸ್ಕರ ಹನ್ನೊಂದು ತಿಂಗಳು ಕೇಳಿಕೊಂಡಿದ್ದೆವು. ಅವಳ ಮದುವೆಯ ಬಟ್ಟೆಯ ಅಳತೆ ಇದೇ ಪುಸ್ತಕದಲ್ಲಿದೆ, ಕಿತ್ತು ಹಾಕಲು ಮನಸ್ಸು ಬಂದಿಲ್ಲ.

ಅವತ್ತಿನಿಂದ ನಾನು ಪ್ರಾರ್ಥಿಸಿಲ್ಲ ಅತ್ತೆ. ಎರಡು ವರ್ಷವಾಯಿತು. ನೀವು ಕಣ್ಣುಮುಚ್ಚಿ ಹೇಳುತ್ತೀರಿ, ಕೊನೆಗೆ ನಾನು ಅಂಚೆಯ ಠಸ್ಸೆ ಒತ್ತಿದ ಹಾಗೆ ‘ಆಮೆನ್’ ಅನ್ನುತ್ತೇನೆ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಕೈ ಕೆಳಗೆ ಕಲಿಯಲು ಬಂದವರಿಗೆಲ್ಲ ಇದನ್ನು ಹೇಳಿಕೊಟ್ಟವಳು ನನ್ನ ನಂಬಿಕೆಯನ್ನು ನೆನೆಸದೇ ಹೊಲಿದಿದ್ದೆ. ಒಂದೇ ಒಗೆತಕ್ಕೆ ಮೈಗೆ ಬಿಗಿಯಾಯಿತು. ಬಿಚ್ಚಿ ಎಸೆಯೋಣವೆಂದರೆ ಬೇರೆ ಬಟ್ಟೆ ಇರಲಿಲ್ಲ.

ಈಗ ಸೋಮವಾರದ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಆಯಿತು.

ಸೋಮವಾರ ಮಧ್ಯಾಹ್ನ ಇಸ್ತ್ರಿ ಮಾಡಿಟ್ಟಿದ್ದ ಹದಿನಾಲ್ಕು ಶಾಲೆ ಅಂಗಿಗಳ ಮೇಲೆ ನೀವು ವಾಂತಿ ಮಾಡಿಕೊಂಡಿರಿ. “ತಪ್ಪಾಯ್ತು ಕಣೇ” ಅಂದಿರಿ. “ಇರ್ಲಿ ಬಿಡಿ ಅತ್ತೆ, ಒಗೆದ್ರೆ ಹೋಗುತ್ತೆ” ಅಂದೆ. ನಿಮಗೆ ಕಾಣದಿದ್ದರೂ ನಗುಮುಖ ಮಾಡಿಯೇ ಅಂದೆ. ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದೆ, ಆ ಸದ್ದಿನ ಮರೆಯಲ್ಲಿ ಎರಡು ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟೆ. “ಸ್ವಾಮೀ, ನನ್ನ ಕೈಲಿ ಆಗ್ತಿಲ್ಲ. ಇವರನ್ನ ಕರ್ಕೊಂಡ್ಬಿಡು.” ಮಾತಿನ ನಡುವೆಯೇ ಟ್ಯಾಂಕಿನ ನೀರು ಮುಗಿದು ನಲ್ಲಿ ನಿಂತುಹೋಯಿತು. ‘ಕರ್ಕೊಂಡ್ಬಿಡು’ ಅನ್ನುವುದೊಂದೇ ಇಡೀ ಮನೆಗೆ ಕೇಳಿಸಿತು. ನಿಮ್ಮ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು.

ಮಾರನೇ ದಿನ ನೀವು ಡಾಕ್ಟರಿಗೆ, “ಸಾಕು ಡಾಕ್ಟ್ರೇ, ಇದನ್ನ ನಿಲ್ಲಿಸ್ಬಿಡೋಣ” ಅಂದಿರಿ. ನಿಲ್ಲಿಸಿದರೆ ಒಂದು ವಾರ, ಹೆಚ್ಚೆಂದರೆ ಎರಡು ಅಂತ ಅವರು ಬಿಡಿಸಿ ಹೇಳಿದರು. ಯೋಚಿಸಿ, ಗುರುವಾರವೂ ಅದೇ ಮನಸ್ಸಿದ್ದರೆ ಸಹಿ ಹಾಕಿ ಅಂದರು. ನಿಮ್ಮ ಮಗ ಅತ್ತರು, ಆಮೇಲೆ ‘ಅಮ್ಮನ ಇಷ್ಟ’ ಅಂದರು. ಇವತ್ತು ಗುರುವಾರ. ಕಾಗದ ಗುಬ್ಬಿಯ ಮೇಜಿನ ಮೇಲಿದೆ, ಇಲ್ಲಿಂದಲೇ ಕಾಣುತ್ತಿದೆ.

ನಾನು ಕೇಳುವುದು ಇಷ್ಟೇ. ನಿಮಗೇ ಸಾಕಾಗಿದ್ದರೆ ತಡೆಯುವ ಹಕ್ಕು ನನಗಿಲ್ಲ. ಆದರೆ ನನ್ನ ಸುಸ್ತಿಗೆ ನೀವು ಸಹಿ ಹಾಕಬೇಡಿ. ಅದು ಕೆಟ್ಟ ಮನಸ್ಸಿನ ಮಾತಲ್ಲ, ದಣಿದ ಮೈಯ ಮಾತು. ಮೈ ದಣಿದರೆ ನಾಳೆಗೆ ಸರಿಹೋಗುತ್ತದೆ. ಶನಿವಾರ ಮತ್ತೆ ಬರೋಣ. ಇದನ್ನು ಓದುವಾಗ ನನ್ನ ದನಿ ನಡುಗಿದರೆ ಕೇಳಿಸದವರ ಹಾಗೆ ಇದ್ದುಬಿಡಿ.

*

ಇಲ್ಲಿಂದ ಮುಂದೆ ಬರೆಯುತ್ತಿರುವುದು ಮನೆಯಲ್ಲಿ, ಭಾನುವಾರ. ನೀವು ಪಕ್ಕದಲ್ಲೇ ನಿದ್ದೆಯಲ್ಲಿದ್ದೀರಿ. ಕಾಲು ಬಾತಿದೆ, ಮುಖ ಮಾತ್ರ ಹಗುರವಾಗಿದೆ.

ಅವತ್ತು ಓದಿದೆ. ಮೇಷ್ಟ್ರ ಸೊಂಟ ಬಂದೇ ಬಂತು, ನೀವು ನಕ್ಕೇ ನಕ್ಕಿರಿ. ನಲ್ಲಿಯ ಹತ್ತಿರ ಬಂದಾಗ ನನ್ನ ಓದು ನಿಂತಿತು. ನೀವು ಕಣ್ಣು ತೆರೆಯದೇ, “‘ಕರ್ಕೊಂಡ್ಬಿಡು’ ಅಂದೆ ನೀನು. ಮುಂದೆ ಓದು” ಅಂದಿರಿ. ಮುಂದೆ ಓದುವುದೇನು, ಅಕ್ಷರವೇ ಕಾಣಲಿಲ್ಲ. ಆಗ ನೀವು ಹೇಳಿದ್ದನ್ನು ಇದ್ದ ಹಾಗೇ ಬರೆದಿಡುತ್ತೇನೆ, ನಾಳೆ ಮರೆಯಬಾರದು. “ನನ್ನ ಪ್ರಾರ್ಥನೆಗೆಲ್ಲ ಆರು ವರ್ಷ ಆಮೆನ್ ಅಂದವಳು ನೀನು. ಎಷ್ಟೋ ದಿನದ ಮೇಲೆ ನೀನಾಗೇ ಬಾಯಿ ಬಿಟ್ಟೆ. ನಾನು ಆಮೆನ್ ಅನ್ನದೇ ಇರ್ತೀನಾ? ಆ ಕುರ್ಚೀಲೇ ಕೂತು ಅಂದೆ.”

ಹಾಗಾದರೆ ಇದೆಲ್ಲ ನನ್ನಿಂದಲೇ ಅಂತ ನಾನು ಅಳುತ್ತಿದ್ದರೆ ನೀವು ಗದರಿದಿರಿ. “ನಿನ್ನಿಂದ ಅಲ್ಲ ಕಣೇ. ಹೋದ ವರ್ಷದಿಂದ ನಾನೂ ಅದನ್ನೇ ಕೇಳ್ಕೊಂಡಿದ್ದು. ಒಬ್ಬಳೇ ಇದ್ದೆ, ಈಗ ಇಬ್ಬರಾದ್ವಿ.” ಇದು ನಿಜವೋ, ನನ್ನ ಮನಸ್ಸು ಉಳಿಸಲು ಹೇಳಿದ್ದೋ ನನಗೆ ಗೊತ್ತಿಲ್ಲ. ನನ್ನ ಉಪ್ಪಿಲ್ಲದ ಸಾರಿಗೂ ‘ಹದವಾಗಿದೆ’ ಅಂದವರು ನೀವು. ಪ್ರೀತಿಗೋಸ್ಕರ ಸುಳ್ಳು ಹೇಳುವುದು ನಿಮಗೆ ನೀರು ಕುಡಿದಷ್ಟು ಸುಲಭ. ನನ್ನ ಜೀವ ಇರುವವರೆಗೂ ಈ ಅನುಮಾನ ಹೋಗಲಿಕ್ಕಿಲ್ಲ. ಇರಲಿ, ಹೊತ್ತುಕೊಳ್ಳುತ್ತೇನೆ.

ಗುಬ್ಬಿ ಕಾಗದ ತಂದಳು. “ಗೆರೆ ಎಲ್ಲಿದೆ ತೋರ್ಸು” ಅಂದಿರಿ. ಚೀಲದಿಂದ ನನ್ನ ಮರದ ಸ್ಕೇಲು ತೆಗೆದು ಗೆರೆಯ ಕೆಳಗೆ ಒತ್ತಿ ಹಿಡಿದೆ. ನೀವು ಅದರ ಅಂಚನ್ನು ಬೆರಳಲ್ಲಿ ಸವರಿಕೊಂಡು, ಅದರ ಮೇಲೆ ನಿಧಾನವಾಗಿ ಹೆಸರು ಬರೆದಿರಿ. “ಬೋರ್ಡು ಬರೆಯೋನ ಹೆಂಡ್ತಿ, ಅಕ್ಷರ ಸೊಟ್ಟ ಆಗ್ಬಾರ್ದು” ಅಂದಿರಿ. ಸೊಟ್ಟ ಆಗಲಿಲ್ಲ ಅತ್ತೆ.

ಇವತ್ತು ಮಧ್ಯಾಹ್ನ ಎಚ್ಚರವಾದಾಗ ನೀವು, “ಇವತ್ತು ಪ್ರಾರ್ಥನೆ ನೀನು ಮಾಡು” ಅಂದಿರಿ. ನಿಮ್ಮ ಪಟ್ಟಿಯ ಒಂದು ಹೆಸರೂ ನೆನಪಾಗಲಿಲ್ಲ. “ಸ್ವಾಮೀ, ಸುಸ್ತಾಗಿದೆ” ಅಂದೆ. ಇನ್ನೇನಾದರೂ ಬರುತ್ತದೆಯೋ ಅಂತ ನೀವು ಸ್ವಲ್ಪ ಹೊತ್ತು ಕಾದಿರಿ. ಆಮೇಲೆ, ಅಷ್ಟೇ ಸಾಕು ಎನ್ನುವ ಹಾಗೆ, “ಆಮೆನ್” ಅಂದಿರಿ.

ಹೊರಟವರಿಗೆ ಬರೀ ‘ಹೋಗಿ’ ಅನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ‘ಹೋಗಿ ಬನ್ನಿ’ ಅಂತಲೇ ಅನ್ನುತ್ತೇವೆ, ಪಕ್ಕದ ಬೀದಿಗೆ ಹೊರಟವರಿಗೂ. ನಿಮಗೂ ಅದನ್ನೇ ಹೇಳುತ್ತೇನೆ. ಹೋಗಿ ಬನ್ನಿ ಅತ್ತೆ. ನೀವು ಇತ್ತ ಬರುವುದೋ, ನಾನು ಅತ್ತ ಬರುವುದೋ, ಅದನ್ನು ಆ ಸ್ವಾಮಿ ನೋಡಿಕೊಳ್ಳಲಿ. ಮಾವ ಸಿಕ್ಕಿದರೆ ‘ಠ’ದ ಚುಕ್ಕೆ ಉದುರಿದೆ ಅಂತ ತಿಳಿಸಿ. ನಿಮ್ಮ ದಾರಿ ನುಣ್ಣಗಿರಲಿ, ಕಣ್ಣು ತಿಳಿಯಾಗಲಿ.

ಮ್ಯಾನೇಜರ ಅರ್ಥದಲ್ಲೂ, ಮಾವನ ಅರ್ಥದಲ್ಲೂ ನಿರೀಕ್ಷೆಯಲ್ಲಿರುವ,
ನಿಮ್ಮ ಸೊಸೆ