ಮೊದಲ ತಟ್ಟೆಯ ಮೊಟ್ಟೆಗಳು

ಮಧುಗಿರಿ
೮ ಜುಲೈ ೨೦೨೪

ಮುದ್ದಿನ ತಂಗಿ ಸುನಿತಾಗೆ, ನಿನ್ನ ಗಂಗಕ್ಕ ಬರೆಯುವುದು.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು ಕಣೆ. ಮೈಸೂರಿನಲ್ಲಿ ನಿನ್ನ ಮೇಷ್ಟ್ರುಗಳ ಮುಂದೆ ನಿಂತಿದ್ದೀಯ, ಗೋಡೆಯ ಮೇಲೆ ನಿನ್ನ ಹಣ್ಣುನೊಣದ ಮೊಟ್ಟೆ ಬಾಗಿಲಗಲ ಕಾಣುತ್ತಿದೆ, ಅವರು ಅದರ ಮೇಲೆ ಬೆರಳಿಟ್ಟು ಏನೋ ಕೇಳುತ್ತಲೇ ಇದ್ದಾರೆ. ಇಪ್ಪತ್ತನೇ ತಾರೀಕು ನೀನು ಅವರಿಗೆ ಫೋಟೋ ತೋರಿಸಬೇಕೆಂದು ತಿಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನೀನು ಕೊಟ್ಟ ಫೋಟೋಗಳನ್ನು ನಮ್ಮ ರೇಷ್ಮೆ ಮೊಟ್ಟೆ ಕೇಂದ್ರಕ್ಕೆ ಒಯ್ದಿದ್ದೆ. ಜೊತೆಗೆ ಕೆಲಸ ಮಾಡುವ ಮಂಜಮ್ಮ ನೋಡಿ, "ಅಲ್ಲ ಕಣಮ್ಮ, ನಿನ್ ತಂಗಿ ಅಷ್ಟೆಲ್ಲಾ ಓದ್ಬುಟ್ಟು ನೊಣದ ಬಾಣಂತನ ಮಾಡ್ತವ್ಳಾ?" ಅಂದಳು. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು, ಆದರೂ ನೀನು ಹೇಳಿಕೊಟ್ಟದ್ದನ್ನು ಬಿಡದೆ ಹೇಳಿದೆ. ಜೀವಕೋಶದಲ್ಲಿ ಬೇಡವಾದ ಪ್ರೋಟೀನನ್ನು ಕತ್ತರಿಸಿ ಹಾಕುವ ಪ್ರೋಟಿಯಾಸೋಮ್ ಅಂತ ಒಂದು ಯಂತ್ರವಿದೆ. ಅದರ ಒಂದು ಬಿಡಿಭಾಗಕ್ಕೆ ನನ್ನ ತಂಗಿ ಹಸಿರು ದೀಪ ಕಟ್ಟಿದ್ದಾಳೆ. ತಾಯಿನೊಣದ ಹೊಟ್ಟೆಯಲ್ಲೇ ಪಕ್ಕದ ದಾದಿ ಕೋಶಗಳು ಅದನ್ನು ಮೊಟ್ಟೆಗೆ ತುಂಬುತ್ತವೆ. ಇಟ್ಟ ಹೊಸದರಲ್ಲಿ ಬೆಳಕು ಮೊಟ್ಟೆಯೆಲ್ಲಾ ಹರಡಿರುತ್ತದೆ, ಎರಡು ಗಂಟೆ ದಾಟಿದ ಮೇಲೆ ಅಂಚಿನಲ್ಲಿ ಮಣಿ ಪೋಣಿಸಿದ ಹಾಗೆ ಕೂರುತ್ತದೆ. ಮಂಜಮ್ಮ ಫೋಟೋವನ್ನು ಬೆಳಕಿಗೆ ಹಿಡಿದು, "ಅಂಗಾದ್ರೆ ಹುಟ್ಟೋಕ್ ಮುಂಚೆನೇ ಅವ್ವ ಬುತ್ತಿ ಕಟ್ಬುಟ್ಟಿರ್ತಾಳೆ ಅನ್ನು" ಅಂದಳು. ಇಪ್ಪತ್ತು ವರ್ಷ ಸೂಕ್ಷ್ಮದರ್ಶಕದಲ್ಲಿ ರೇಷ್ಮೆ ಚಿಟ್ಟೆಯ ರೋಗ ಹುಡುಕಿದ ಕಣ್ಣು ನನ್ನದು. ಇಷ್ಟು ಚೆಂದದ್ದು ಕಂಡಿರಲಿಲ್ಲ.

ಇಟ್ಟು ಒಂದೇ ಗಂಟೆಯಾದ ಮೊಟ್ಟೆಯಲ್ಲೇ ಮಣಿಸಾಲು ಕಂಡಿತು, ಇದು ಯಾರೂ ನೋಡದ ಸಂಗತಿ ಎಂದು ಹಿಗ್ಗಿ ಫೋನು ಮಾಡಿದೆಯಲ್ಲ, ಆಗ ನಾನು ಬರೀ ಹೂಂ ಅಂದೆ. ಸಿಗ್ನಲ್ ಸರಿಯಿರಲಿಲ್ಲ ಅಂತಲೂ ಅಂದೆ. ಅವ್ವನ ಮಂಡಿನೋವು ತಗ್ಗಿದೆ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ, ನಿನ್ನನ್ನು ನೆನೆದರೆ ಹೆಮ್ಮೆಯೂ ಹೆದರಿಕೆಯೂ ಆಗುವ ಅಕ್ಕ,
ಗಂಗಾಲಕ್ಷ್ಮಿ

ಮರೆತ ಮಾತಲ್ಲ, ಮುಚ್ಚಿಟ್ಟ ಮಾತು: ಯುಗಾದಿಯಾದ ಮರುವಾರ ನಾನು ನಿನ್ನ ಲ್ಯಾಬಿಗೆ ಬಂದಿದ್ದಾಗ, ನೊಣ ಮೊಟ್ಟೆಯಿಟ್ಟ ತಟ್ಟೆಗಳನ್ನು ತೋರಿಸಿ ನೀನು, "ಮೊದಲ್ನೇ ತಟ್ಟೆ ಬಿಸಾಕ್ಬುಡಕ್ಕ, ಆ ಮೊಟ್ಟೆನೆಲ್ಲಾ ನೊಣ ಹೊಟ್ಟೇಲೇ ಹಿಡ್ಕೊಂಡು ಬೆಳ್ಸಿರ್ತದೆ, ವಯಸ್ಸು ತಿಳಿಯಲ್ಲ" ಎಂದಿದ್ದೆ. ನಮ್ಮ ಕೇಂದ್ರದಲ್ಲಿ ರೋಗ ಕಾಣದ ಚಿಟ್ಟೆಯ ಮೊಟ್ಟೆ ಒಂದನ್ನೂ ಚೆಲ್ಲುವಂತಿಲ್ಲ. ಬಗ್ಗಿ ನೋಡಿದೆ, ಎಲ್ಲಾ ಚೆನ್ನಾಗಿಯೇ ಇದ್ದವು. ಬಿಸಾಡಲು ಕೈ ಬರಲಿಲ್ಲ. ಕುಂಚದಲ್ಲಿ ತೆಗೆದು ಎರಡನೇ ತಟ್ಟೆಗೆ ಸೇರಿಸಿಬಿಟ್ಟೆ. ಬೈಯುವುದಿದ್ದರೆ ಆಮೇಲೆ ಬೈಯಿ. ಇಪ್ಪತ್ತರೊಳಗೆ ಆ ಮಣಿಸಾಲಿನ ಮೊಟ್ಟೆ ಯಾವ ದಿನದ್ದು ಅಂತ ಇನ್ನೊಂದು ಸಲ ನೋಡು. ನಾನು ಬಂದ ದಿನದ್ದಾದರೆ ಅದು ಮೊದಲ ತಟ್ಟೆಯ ಹಳೆಯ ಮೊಟ್ಟೆ ಇರಬಹುದು.