ನರ್ಸಮ್ಮ ಬೈದ ದಿನ

ಮಾರ್ಚ್ ೧೪, ಶನಿವಾರ

ಇವತ್ತು ಮೇಲಿನ ಮನೆಯ ನರ್ಸಮ್ಮ ನನಗೆ ಚೆನ್ನಾಗಿ ಬೈದಳು. ಆ ಖುಷಿ ಇನ್ನೂ ಇಳಿದಿಲ್ಲ.

ಆಸ್ಪತ್ರೆ ಕೆಲಸಕ್ಕೆಂದು ಬೇರೆ ದೇಶದಿಂದ ಬಂದವಳು. ಕನ್ನಡ ಕಲಿತಿದ್ದರೂ ಎರಡು ವರ್ಷದಿಂದ ನನ್ನ ಜೊತೆ ಬರೀ ನಗು, ನಮಸ್ಕಾರ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದಳು. ಹಳಬರೂ ಹೊಸಬರೂ ಬೆರೆಯಲಿ ಎಂದು ಸರ್ಕಾರ ನಮ್ಮ ಕಟ್ಟಡಕ್ಕೆ ಬಟ್ಟೆ ಒಗೆಯುವ ಕೋಣೆ ಕಟ್ಟಿಸಿಕೊಟ್ಟಿತಲ್ಲ, ಅಲ್ಲೂ ತನ್ನ ಸರದಿಯನ್ನು ನನಗೇ ಬಿಟ್ಟುಕೊಡುತ್ತಿದ್ದಳು. ನಾನೂ ಸಂಕೋಚವಿಲ್ಲದೆ ತೆಗೆದುಕೊಳ್ಳುತ್ತಿದ್ದೆ.

ಇವತ್ತು ನಾನು ಮೆಷಿನ್ನಿನಲ್ಲಿ ಮರೆತ ಕೆಂಪು ಲಂಗ ಅವಳ ಬಿಳಿ ಸಮವಸ್ತ್ರವನ್ನು ಗುಲಾಬಿ ಮಾಡಿಬಿಟ್ಟಿತು.

"ಕಣ್ಣು ಕಾಣ್ಸಲ್ವಾ ಅಕ್ಕಾ ನಿಮ್ಗೆ? ನಾಳೆ ಡ್ಯೂಟಿಗೆ ಏನ್ ಹಾಕ್ಕೊಂಡು ಹೋಗ್ಲಿ?"

"ನೋಡ್ದೆ ಬಟ್ಟೆ ಹಾಕಿದ್ದು ನೀನು," ಅಂದೆ. ನಾನೇನು ಸುಮ್ಮನಿರುವವಳೇ.

ಅದೇ ಹೊತ್ತಿಗೆ, ಸರ್ಕಾರದ ಆ ಯೋಜನೆ ಹೇಗೆ ನಡೆದಿದೆ ಎಂದು ನೋಡಲು ಬಂದ ಅಧಿಕಾರಿ ಬಾಗಿಲಲ್ಲೇ ನಿಂತುಬಿಟ್ಟ. "ನಿಮ್ಮಿಬ್ರಿಗೂ ಸರಿಹೋಗಲ್ವೇನಮ್ಮಾ?" ಅಂದ, ಪಾಪ.

ನರ್ಸಮ್ಮ ಅವನ ಕಡೆ ತಿರುಗಿದಳು. "ಇದು ನಮ್ಮನೆ ಜಗಳ. ಮಧ್ಯ ನೀವ್ಯಾಕ್ರೀ ಬರ್ತೀರಾ?"

ನಮ್ಮನೆ ಅಂದಳು. ನನಗೆ ಮುಂದಿನ ಬೈಗುಳವೇ ಮರೆತುಹೋಯಿತು.

ಸಮವಸ್ತ್ರವನ್ನು ನಾನೇ ತಂದು ಉಜ್ಜಿ ಉಜ್ಜಿ ಒಣಹಾಕಿದ್ದೇನೆ. ಜೇಬಿನ ಹತ್ತಿರ ಇನ್ನೂ ಗುಲಾಬಿ ಉಳಿದಿದೆ. ಬೆಳಿಗ್ಗೆ ಮತ್ತೊಂದು ಸುತ್ತು ಬೈಗುಳ ಕಾದಿದೆ, ಈಗಲೇ ಮಲಗಿಬಿಡಬೇಕು.